ಅರ್ಧ ಕೆಜಿ ಹಣ್ಣು ಎಲ್ಲಿ ಹೋಯ್ತು?

ಮೂಡಿಗೆರೆ ಕಡೆಯ ಒಂದು ಕಾಫಿ ತೋಟಕ್ಕೆ ಕೊಯ್ಲಿನ ಲೆಕ್ಕ ಬರೆಯುವ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಸಂಜೆ ಹಣ್ಣು ತೂಕ ಹಾಕುವಾಗ ರೈಟರ್ (ತೋಟದ ಗುಮಾಸ್ತ) ಮೊಬೈಲಿನಲ್ಲಿ ಕೆಜಿ ಒತ್ತಿದರೆ ಆಯ್ತು, ವಾರದ ಬಟವಾಡೆ ಲೆಕ್ಕ ತಾನೇ ಬರುತ್ತದೆ.

ಮೊದಲ ವಾರವೇ ಜಗಳ. ಒಬ್ಬಾಕೆ ಕುಯ್ದದ್ದು 48.5 ಕೆಜಿ, ಚೀಟಿಯಲ್ಲಿ 48. ಪಕ್ಕದವಳದು 49.5, ಅವಳಿಗೆ 50. "ಅಲ್ಲ ರೈಟ್ರೇ, ನಂದು ಅರ್ಧ ಕೆಜಿ ಕಿತ್ತು ಅವಳಿಗೆ ಕೊಟ್ರಾ?" ಪಾಪ, ರೈಟರ್ ಏನು ಹೇಳಿಯಾರು. ತಪ್ಪು ನನ್ನದು.

ನಾನು ಪ್ರೋಗ್ರಾಮ್ ಬರೆಯುವುದು ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ. ತೂಕವನ್ನು ಪೂರ್ಣಾಂಕ ಮಾಡಲು ಕನ್ವರ್ಟ್.ಟುಇಂಟ್32 ಅಂತ ಸುಮ್ನೆ ಬರೆದುಬಿಟ್ಟಿದ್ದೆ. ಸಂಖ್ಯೆ ಸರಿಯಾಗಿ ಅರ್ಧದಲ್ಲಿದ್ದರೆ ಅದು ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಇದಕ್ಕೆ ಬ್ಯಾಂಕರ್ಸ್ ರೌಂಡಿಂಗ್ ಅನ್ನುತ್ತಾರೆ. ಸಾವಿರಾರು ಲೆಕ್ಕ ಕೂಡಿದಾಗ ಏರಿದ್ದು, ಇಳಿದದ್ದು ಒಂದಕ್ಕೊಂದು ಸರಿಹೋಗಲಿ ಅಂತ ಮಾಡಿದ ಏರ್ಪಾಡು. ಸರಿಯೇ, ಆದರೆ ಬಟವಾಡೆ ದಿನ ಎಲ್ಲರೂ ನೋಡುವುದು ತಮ್ಮ ತಮ್ಮ ಚೀಟಿ. ಇಂಟ್‌ಗೆ (ಪೂರ್ಣಾಂಕ ಮಾತ್ರ ಇಡುವ ಬಗೆ) ಕಾಸ್ಟ್ ಮಾಡಿದ್ದರೆ, ಅಂದರೆ ನೇರವಾಗಿ ಬದಲಿಸಿದ್ದರೆ, ಇನ್ನೂ ಕಷ್ಟ, ಚುಕ್ಕೆಯ ಮುಂದಿನದನ್ನೆಲ್ಲ ಕತ್ತರಿಸಿ 49.9 ಕೂಡ 49 ಆಗುತ್ತಿತ್ತು.

ಈಗ ತೂಕ, ದಶಮಾಂಶವನ್ನು ಇದ್ದ ಹಾಗೆಯೇ ಇಡುವ ಡೆಸಿಮಲ್‌ನಲ್ಲೇ ಉಳಿಯುತ್ತದೆ. ದಶಮಾಂಶ ಇಡುವ ಇನ್ನೊಂದು ಬಗೆಯಾದ ಡಬಲ್ ಬೇಡ, ಅದರಲ್ಲಿ 0.1ಕ್ಕೆ 0.2 ಕೂಡಿದರೆ ಸರಿಯಾಗಿ 0.3 ಬರುವುದಿಲ್ಲ. ರೌಂಡ್ ಮಾಡುವುದು ಕೊನೆಗೆ ಒಂದೇ ಸಲ, ದುಡ್ಡಿಗೆ ಮಾತ್ರ. ಅದೂ ಮ್ಯಾಥ್.ರೌಂಡ್‌ಗೆ ಅವೇಫ್ರಮ್‌ಝೀರೋ (ಅರ್ಧವಿದ್ದರೆ ಸೊನ್ನೆಯಿಂದ ದೂರಕ್ಕೆ, ಅಂದರೆ ಇಲ್ಲಿ ಮೇಲಕ್ಕೆ) ಅಂತ ಬಿಡಿಸಿ ಹೇಳಿ. ಹೇಳದಿದ್ದರೆ ಅದೂ ಸಮಸಂಖ್ಯೆಗೇ ಹೋಗುತ್ತದೆ.

ಪ್ರೋಗ್ರಾಮ್ ಎರರ್ ಕೊಟ್ಟು ನಿಂತರೆ ನನಗೆ ಭಯವಿಲ್ಲ, ಫೋನ್ ಬರುತ್ತದೆ, ಸರಿ ಮಾಡುತ್ತೇನೆ. ಮೊಬೈಲ್ ನಂಬರನ್ನು ಕನ್ವರ್ಟ್‌ನಿಂದ ಇಂಟ್‌ಗೆ ತುರುಕಲು ಹೋದರೆ, ಇಂಟ್ ಹಿಡಿಯುವುದೇ 214 ಕೋಟಿ ಚಿಲ್ಲರೆ, ಓವರ್‌ಫ್ಲೋ ಅಂತ ಅಲ್ಲೇ ಕೂಗುತ್ತದೆ. (ಮೊಬೈಲ್ ನಂಬರನ್ನು ಯಾರು ಕೂಡಿ ಕಳೆಯುತ್ತಾರೆ? ಅದು ಸ್ಟ್ರಿಂಗ್ ಆಗಿಯೇ, ಅಂದರೆ ಬರೀ ಅಕ್ಷರಗಳ ಸಾಲಾಗಿಯೇ ಇರಲಿ.) ಭಯ ಇರುವುದು ಸದ್ದಿಲ್ಲದೆ ಬದಲಾಗುವುದರ ಬಗ್ಗೆ. ಅದೇ ಕನ್ವರ್ಟ್‌ಗೆ ನಲ್ ಸ್ಟ್ರಿಂಗ್ (ಏನೂ ಇಲ್ಲದ್ದು) ಕೊಟ್ಟರೆ ತೆಪ್ಪಗೆ 0 ಕೊಡುತ್ತದೆ, ಅಕ್ಷರದಲ್ಲಿರುವುದನ್ನು ಸಂಖ್ಯೆ ಮಾಡುವ ಇಂಟ್.ಪಾರ್ಸ್ ಆದರೆ ಎರರ್ ಎಸೆಯುತ್ತದೆ. ತೂಕವೇ ಬರೆಯದಿರುವುದು ಬೇರೆ, ಸೊನ್ನೆ ಕೆಜಿ ಬೇರೆ ಅಲ್ವಾ? ಎರರ್ ಎಸೆಯದೆ, ಆಯ್ತೋ ಇಲ್ಲವೋ ಅಂತ ಹೇಳುವ ಟ್ರೈಪಾರ್ಸ್ ಒಳ್ಳೆಯದೇ, ಆದರೆ ಅದು ಹೇಳುವ ಹೌದು-ಇಲ್ಲ ನೋಡದೆ ಸಂಖ್ಯೆ ತೆಗೆದುಕೊಂಡರೆ ಅಲ್ಲೂ ಸೊನ್ನೆಯೇ ಸಿಗುವುದು.

ಇನ್ನೊಂದು ದಿನ ರೈಟರ್ ಅವಸರದಲ್ಲಿ ಚುಕ್ಕೆ ಬದಲು ಕಾಮಾ ಒತ್ತಿ 48,5 ಅಂತ ಹಾಕಿದರು. ಡೆಸಿಮಲ್.ಪಾರ್ಸ್ ಅದನ್ನು ಸಾವಿರದ ಕಾಮಾ ಅಂದುಕೊಂಡು 485 ಮಾಡಿಕೊಟ್ಟಿತು. ಒಬ್ಬರೇ ಒಂದು ದಿನಕ್ಕೆ 485 ಕೆಜಿ! ಈಗ ಸಂಖ್ಯೆಯಲ್ಲಿ ಏನೇನು ಇರಬಹುದು ಅಂತ ಹೇಳುವ ನಂಬರ್‌ಸ್ಟೈಲ್ಸ್‌ನಲ್ಲಿ ಚುಕ್ಕೆಗೆ ಮಾತ್ರ ಜಾಗ ಕೊಟ್ಟಿದ್ದೇನೆ, ಕಾಮಾ ಬಂದರೆ ಎರರ್.

ಆಮೇಲೆ ಬಂದದ್ದು ನಮ್ಮ ಕನ್ನಡದ್ದೇ ತಕರಾರು. ರೈಟರ್ ಕನ್ನಡ ಕೀಬೋರ್ಡಿನಲ್ಲಿ ೪೮ ಅಂತ ಒತ್ತಿದ್ದರು. ಚಾರ್.ಈಸ್‌ಡಿಜಿಟ್ ಕೇಳಿದರೆ ಹೌದು, ಅಂಕಿಯೇ ಅನ್ನುತ್ತದೆ. ಪಾರ್ಸ್‌ಗೆ ಕೊಟ್ಟರೆ ಇದು ಸಂಖ್ಯೆಯೇ ಅಲ್ಲ ಅನ್ನುತ್ತದೆ. ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನ ಇಂಟ್ ಇದನ್ನೇ ಆರಾಮಾಗಿ 48 ಮಾಡುತ್ತದೆ! ಕೊನೆಗೆ, ಪಾರ್ಸ್‌ಗೆ ಕೊಡುವ ಮೊದಲು ಕನ್ನಡ ಅಂಕಿ ಬದಲಿಸುವ ನಾಲ್ಕು ಸಾಲು ನಾನೇ ಬರೆದೆ. ಕೀಬೋರ್ಡ್ ಬದಲಿಸಿಕೊಳ್ಳಿ ಅಂತ ರೈಟರ್‌ಗೆ ಹೇಳಲು ಮನಸ್ಸಾಗಲಿಲ್ಲ. ಅವರು ಆ ಚಳಿಯಲ್ಲಿ ಒಂದು ಕೈಯಲ್ಲಿ ಟಾರ್ಚ್ ಹಿಡಿದು ತೂಕ ಬರೆಯುತ್ತಿರುತ್ತಾರೆ.