ಮಳೆಗಾಲದ ಮರಿ, ಮೂತ್ರದ ಪಾಠ ಮತ್ತು ಗೂಡು

ಮಳೆ ಹಿಡಿಯಿತು ಅಂದರೆ ನಮ್ಮ ಕೊಡಗಿನ ಮನೆಗಳಿಂದ ನಾಯಿಮರಿಯ ಬಗ್ಗೆ ಒಂದೇ ಥರದ ದೂರು ಬರುತ್ತದೆ. 'ಹೊರಗೆ ಬಿಟ್ಟರೆ ಸುಮ್ನೆ ನಡುಗುತ್ತಾ ನಿಲ್ಲುತ್ತೆ ಡಾಕ್ಟ್ರೇ. ಒಳಗೆ ಬಂದ ತಕ್ಷಣ ಹಾಲ್‌ನಲ್ಲೇ ಮಾಡುತ್ತೆ. ಹಠ ಜಾಸ್ತಿ.'

ಅದು ಹಠ ಅಲ್ಲ. 2 ತಿಂಗಳ ಮರಿಗೆ ಮೂತ್ರ ತಡೆದುಕೊಳ್ಳುವ ಶಕ್ತಿಯೇ ಪೂರ್ತಿ ಬಂದಿರುವುದಿಲ್ಲ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದರೆ ಎಷ್ಟೋ ಅಷ್ಟು ಗಂಟೆ ತಡೆಯಬಹುದು ಎಂಬ ಒಂದು ಅಂದಾಜಿದೆ. ಆದರೆ ಅದು ಮರಿ ಮಲಗಿರುವಾಗಿನ ಲೆಕ್ಕ. ಎದ್ದು ಓಡಾಡುವಾಗ ಗಂಟೆಗೊಮ್ಮೆ ಹೊರಗೆ ಕರೆದೊಯ್ಯಲೇಬೇಕು. ನಿದ್ದೆಯಿಂದ ಎದ್ದ ಕೂಡಲೇ, ಊಟವಾದ 15ರಿಂದ 30 ನಿಮಿಷದೊಳಗೆ, ಆಟ ಮುಗಿದ ಮೇಲೆ, ಇವು ತಪ್ಪಿಸಲೇಬಾರದ ಹೊತ್ತುಗಳು. ನೆಲ ಮೂಸುತ್ತಾ ಸುತ್ತು ಹಾಕಿತು ಅಂದರೆ ಎತ್ತಿಕೊಂಡು ಓಡಿ.

ಎಲ್ಲಿಗೆ ಓಡಬೇಕು ಅನ್ನುವುದು ನಮ್ಮ ಜಿಲ್ಲೆಯಲ್ಲಿ ದೊಡ್ಡ ಪ್ರಶ್ನೆ. ಸುಮಾರು 8 ವಾರದಿಂದ ಮರಿಯ ಪಾದಕ್ಕೆ ಒಂದು ಬಗೆಯ ನೆಲ ರೂಢಿಯಾಗತೊಡಗುತ್ತದೆ. ಹುಲ್ಲಿನ ಮೇಲೆ ಮಾಡಿ ಅಭ್ಯಾಸವಾದರೆ ಮುಂದೆಯೂ ಹುಲ್ಲನ್ನೇ ಹುಡುಕುತ್ತದೆ. ಜುಲೈ-ಆಗಸ್ಟ್ ಹೊತ್ತಿನ ಕಕ್ಕಡ ತಿಂಗಳ ಮಳೆಯಲ್ಲಿ ಅಂಗಳಕ್ಕೆ ಇಳಿಯಲಾಗದೆ ಜಗಲಿಯ ಸಿಮೆಂಟಿನ ಮೇಲೋ ಕಾಫಿ ಕಣದ ಅಂಚಿನಲ್ಲೋ ಬಿಡುತ್ತೀರಿ. ಮರಿ ಕಲಿಯುತ್ತದೆ, ಸಂತೋಷ. ಡಿಸೆಂಬರ್‌ನಲ್ಲಿ ಅದೇ ಕಣದಲ್ಲಿ ಕಾಫಿ ಹರಡಿದಾಗ ನಾಯಿಗೆ ಬೈದು ಏನು ಪ್ರಯೋಜನ? ಅದಕ್ಕೆ ಮೊದಲ ದಿನದಿಂದಲೇ ಮಣ್ಣು ಅಥವಾ ಹುಲ್ಲು ಇರಲಿ. ಸೌದೆ ಕೊಟ್ಟಿಗೆಯ ಸೂರಿನಡಿ ನೀರು ಬೀಳದ ಒಂದು ಮೂಲೆ ಸಾಕು. ಮರಿ ಒದ್ದೆಯಾಗದಿದ್ದರೆ ಕೆಲಸ ಬೇಗ ಮುಗಿಸುತ್ತದೆ. ಮುಗಿಸಿದ ಕ್ಷಣವೇ, ಅಲ್ಲೇ ನಿಂತು, ಒಂದು ತುಂಡು ತಿಂಡಿ ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಸಿಕ್ಕಿತು ಅಂದುಕೊಳ್ಳುತ್ತದೆ. ವಾಪಸ್ ಬಂದಾಗ ಬೆರಳ ಸಂದಿಯಲ್ಲಿ ಜಿಗಣೆ ಇದೆಯೇ ನೋಡಿ. ಲಸಿಕೆಯ ಸರಣಿ ಮುಗಿಯುವಾಗ ಮರಿಗೆ ಸುಮಾರು 16 ವಾರ ತುಂಬಿರುತ್ತದೆ. ಅಲ್ಲಿಯವರೆಗೆ ಬೀದಿ ನಾಯಿಗಳು ಓಡಾಡುವ ರಸ್ತೆ ಬದಿ ಬೇಡ. ಮರಿಗಳ ಜೀವಕ್ಕೇ ಅಪಾಯ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಒಳಗೆ ಮಾಡಿದರೆ ಮೂತಿಯನ್ನು ಅದಕ್ಕೇ ಉಜ್ಜುವುದು, ಪೇಪರ್ ಸುತ್ತಿ ಹೊಡೆಯುವುದು ದಯವಿಟ್ಟು ನಿಲ್ಲಿಸಿ. ನಿಮ್ಮೆದುರು ಮಾಡಬಾರದು ಎಂದಷ್ಟೇ ಅದಕ್ಕೆ ಅರ್ಥವಾಗುತ್ತದೆ. ಆಮೇಲೆ ಸೋಫಾ ಹಿಂದೆ ಹೋಗಿ ಮಾಡುತ್ತದೆ, ಹೊರಗೆ ನಿಮ್ಮ ಮುಂದೆಯೂ ಮಾಡಲು ಹೆದರುತ್ತದೆ. ಫಿನೈಲ್ ಹಾಕಿದರೆ ನಮಗೆ ವಾಸನೆ ಹೋಗುತ್ತದೆ, ನಾಯಿಯ ಮೂಗಿಗೆ ಹೋಗುವುದಿಲ್ಲ. ಎನ್‌ಜೈಮ್ ಇರುವ, ಮೂತ್ರದ ವಾಸನೆಯನ್ನೇ ಒಡೆಯುವ ಕ್ಲೀನರ್ ತರಿಸಿಕೊಳ್ಳಿ.

ಇನ್ನು ಕ್ರೇಟ್, ಅಂದರೆ ಮರಿ ಮಲಗುವ ಬಾಗಿಲಿರುವ ಕಂಬಿಯ ಗೂಡು. ನಾಯಿಗೆ ತಾನು ಮಲಗುವ ಜಾಗವನ್ನು ಒದ್ದೆ ಮಾಡುವುದು ಇಷ್ಟವಿಲ್ಲ. ಗೂಡು ಕೆಲಸ ಮಾಡುವುದು ಈ ಒಂದು ಗುಣದ ಮೇಲೆ. ಮರಿ ತಲೆ ತಗ್ಗಿಸದೆ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ಅದಕ್ಕಿಂತ ದೊಡ್ಡದಾದರೆ ಒಂದು ಮೂಲೆ ಹಾಸಿಗೆ, ಇನ್ನೊಂದು ಮೂಲೆ ಕಕ್ಕಸು. ಲ್ಯಾಬ್ರಡಾರ್‌ನಂಥ ದೊಡ್ಡ ತಳಿಗೆ ದೊಡ್ಡದನ್ನೇ ಕೊಂಡು ನಡುವೆ ಅಡ್ಡ ಹಲಗೆ ಹಾಕಿ, ಬೆಳೆದಂತೆ ಸರಿಸಿ. ಮೊದಲು ಬಾಗಿಲು ತೆರೆದಿಟ್ಟು ಊಟ ಒಳಗೇ ಕೊಡಿ. ತಾನಾಗಿ ಹೋಗಿ ಬರುವಂತಾದ ಮೇಲೆ ಒಂದೆರಡು ನಿಮಿಷ ಬಾಗಿಲು ಹಾಕಿ ಪಕ್ಕದಲ್ಲೇ ಕುಳಿತಿರಿ. ಒಳಗಿರುವಾಗ ಕೊರಳ ಬೆಲ್ಟ್ ಬಿಚ್ಚಿಡಿ. ಕಂಬಿಗೆ ಸಿಕ್ಕಿಕೊಂಡರೆ ಉಸಿರುಗಟ್ಟಬಹುದು. ನಮ್ಮ ತೇವದ ನೆಲಕ್ಕೆ ಕೆಳಗೊಂದು ಮರದ ಹಲಗೆ ಬೇಕೇ ಬೇಕು.

ರಾತ್ರಿ ಗೂಡು ನಿಮ್ಮ ಮಂಚದ ಪಕ್ಕ ಇರಲಿ. ಚಿರತೆ ಓಡಾಡುವ ತೋಟದಲ್ಲಿ ಮರಿಯನ್ನು ಹೊರಗೆ ಮಲಗಿಸುವ ಮಾತೇ ಬೇಡ. ಅದು ಕುಂಯ್‌ಗುಟ್ಟಿದರೆ ಎದ್ದು, ದೀಪ ಹಚ್ಚಿಕೊಂಡು, ಹಗ್ಗ ಹಾಕಿ ಕರೆದೊಯ್ಯಿರಿ. ಮಾತು, ಆಟ ಬೇಡ. ಮುಗಿಸಿಕೊಂಡು ಮತ್ತೆ ಮಲಗಲಿ.

ನನಗೆ ನಿಜವಾಗಿ ನೋವಾಗುವುದು ಗೇಟಿನ ಪಕ್ಕದ ಕಬ್ಬಿಣದ ಪಂಜರ ನೋಡಿದಾಗ. ಬೆಳಗ್ಗೆ ಕೂಡಿ ಹಾಕಿ ಸಂಜೆ ಬಿಟ್ಟರೆ ಕಾವಲಿಗೆ ಚುರುಕಾಗುತ್ತದೆ ಎಂದು ಹಲವರು ನಂಬಿದ್ದಾರೆ. ದಿನವಿಡೀ ಕೂಡಿದ ಮರಿ ಬೇರೆ ದಾರಿಯಿಲ್ಲದೆ ಹಾಸಿಗೆಯಲ್ಲೇ ಮಾಡುತ್ತದೆ. ಆ ಸ್ವಚ್ಛತೆಯ ಗುಣ ಒಮ್ಮೆ ಹೋದರೆ ಮರಳಿ ತರಲು ತುಂಬಾ ಕಷ್ಟ. ಹಗಲಲ್ಲಿ ದೊಡ್ಡ ಮರಿಗೂ 3-4 ಗಂಟೆಗಿಂತ ಹೆಚ್ಚು ಬೇಡ, ಚಿಕ್ಕದಕ್ಕೆ ಅಷ್ಟೂ ಬೇಡ. ಮನೆಯವರೆಲ್ಲ ಕೆಲಸಕ್ಕೆ ಹೋಗುವುದಾದರೆ ಮಧ್ಯಾಹ್ನ ಬಿಡಲು ಒಬ್ಬರನ್ನು ಗೊತ್ತು ಮಾಡಿ. ಯಾರೂ ಇಲ್ಲದಿದ್ದರೆ ಈಗ ಮರಿ ತರಬೇಡಿ. ಅಂಗಡಿಯ ಪಂಜರದಲ್ಲೇ ಬೆಳೆದು ಬಂದ ಮರಿಗೆ ಗೂಡಿನ ಪಾಠ ಬೇಗ ಹತ್ತುವುದಿಲ್ಲ. ಅದಕ್ಕೆ ಸುತ್ತ ಬೇಲಿ ಹಾಕಿದ ಜಾಗ ಕೊಟ್ಟು, ಹೊರಗೆ ಕರೆದೊಯ್ಯುವುದನ್ನು ಹೆಚ್ಚಿಸಿ.

ಸಾಮಾನ್ಯವಾಗಿ 6 ತಿಂಗಳ ಹೊತ್ತಿಗೆ ಬಹಳಷ್ಟು ಮರಿಗಳು ಕಲಿತಿರುತ್ತವೆ, ಕೆಲವಕ್ಕೆ ಇನ್ನೂ ಸಮಯ ಬೇಕು. ಕಲಿತ ಮೇಲೆ ಗೂಡನ್ನು ಅಟ್ಟಕ್ಕೆ ಏರಿಸಬೇಡಿ, ಬಾಗಿಲು ತೆರೆದಿಟ್ಟು ಹಾಗೇ ಬಿಡಿ. ಪುತ್ತರಿ ಸುಗ್ಗಿ ಹಬ್ಬದ ಗುಂಡು, ಪಟಾಕಿ ಸದ್ದಿಗೆ ಹೆದರುವ ನಾಯಿ ಅಲ್ಲೇ ಹೋಗಿ ಮಲಗುತ್ತದೆ. ಚೆನ್ನಾಗಿ ಕಲಿತಿದ್ದ ಮರಿ ಇದ್ದಕ್ಕಿದ್ದಂತೆ ಸ್ವಲ್ಪ ಸ್ವಲ್ಪವೇ ಪದೇ ಪದೇ ಮೂತ್ರ ಮಾಡತೊಡಗಿದರೆ ಸೋಂಕಿರಬಹುದು. ಬೆಳಗಿನ ಮೂತ್ರವನ್ನು ಸ್ವಚ್ಛ ಬಾಟಲಿಯಲ್ಲಿ ಹಿಡಿದು, ಮರಿಯ ಜೊತೆ ಅದೇ ದಿನ ಪಶುವೈದ್ಯರ ಹತ್ತಿರ ತನ್ನಿ.