ಸಿಂಪ್ಲೆಕ್ಸ್ ಟೇಬಲ್ ಬೇಜಾರಾದರೆ ಆಪರೇಷನ್ಸ್ ರಿಸರ್ಚ್ ಬಿಡಬೇಕಾ?

ಪ್ರಶ್ನೆ: ನಾನು ಹಾಸನದಲ್ಲಿ ಬಿ.ಎಸ್ಸಿ. ಗಣಿತ ಓದುತ್ತಿದ್ದೇನೆ. ಆಪರೇಷನ್ಸ್ ರಿಸರ್ಚ್ ಪೇಪರಿನಲ್ಲಿ ಸಿಂಪ್ಲೆಕ್ಸ್ ಟೇಬಲ್ ಹಾಕಿ ಹಾಕಿ ಸಾಕಾಗಿದೆ. ಕಂಪ್ಯೂಟರ್ ಚಿಟಿಕೆಯಲ್ಲಿ ಮಾಡೋದನ್ನು ಕೈಯಲ್ಲಿ ಯಾಕೆ ಮಾಡಬೇಕು? ಇದೇ ವಿಷಯದಲ್ಲಿ ಮುಂದೆ ಓದಬಹುದಾ?

ಓದಬಹುದು. ಆಪರೇಷನ್ಸ್ ರಿಸರ್ಚ್ ಅಂದರೆ ಇರುವ ಸೌಲಭ್ಯದಲ್ಲೇ ಅತ್ಯುತ್ತಮ ನಿರ್ಧಾರ ಹುಡುಕುವ ಗಣಿತ. ಅದರ ಒಂದು ವಿಧಾನವಾದ ಸಿಂಪ್ಲೆಕ್ಸ್‌ನಲ್ಲಿ ಹಂತ ಹಂತವಾಗಿ ಲೆಕ್ಕ ಬರೆಯುವ ಪಟ್ಟಿಯೇ ಈ ಟೇಬಲ್. ಟೇಬಲ್ ಬೇಜಾರಾಯಿತು ಅಂದರೆ ವಿಷಯವೇ ಬೇಜಾರು ಅಂತಲ್ಲ. ಪರೀಕ್ಷೆಯಲ್ಲಿ ಲೆಕ್ಕವನ್ನು ತಯಾರು ಮಾಡಿಯೇ ಕೊಟ್ಟಿರುತ್ತಾರೆ. ಅಸಲಿ ಕೆಲಸ ಇರುವುದು ಅದನ್ನು ತಯಾರು ಮಾಡುವುದರಲ್ಲಿ.

ನಿಮ್ಮೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ನ್ನೇ ತಗೊಳ್ಳಿ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ 20 ತೋಟಗಳಿಂದ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಕಾಫಿ ಬೀಜ) ಮೂಟೆ ತರಬೇಕು, ತೋಟಕ್ಕೊಂದರಂತೆ 20 ಲಾರಿ ಇವೆ ಅಂದುಕೊಳ್ಳಿ. ಯಾವ ಲಾರಿ ಯಾವ ತೋಟಕ್ಕೆ ಹೋದರೆ ಒಟ್ಟು ಖರ್ಚು ಕಡಿಮೆ? ಎಲ್ಲ ಸಾಧ್ಯತೆ ನೋಡೋಣ ಅಂದರೆ ಅವು ಸುಮಾರು 24 ಸಾವಿರ ಕೋಟಿ ಕೋಟಿ! ಸೆಕೆಂಡಿಗೆ 100 ಕೋಟಿಯಂತೆ ಪರೀಕ್ಷಿಸಿದರೂ ಕಂಪ್ಯೂಟರಿಗೆ 77 ವರ್ಷ ಬೇಕು. ಆದರೆ 1955ರಲ್ಲಿ ಅಮೆರಿಕದ ಗಣಿತಜ್ಞ ಹೆರಾಲ್ಡ್ ಕೂನ್ ಪ್ರಕಟಿಸಿದ ಹಂಗೇರಿಯನ್ ವಿಧಾನಕ್ಕೆ ಇದು ಕ್ಷಣದ ಕೆಲಸ. ಪ್ರತಿ ತೋಟಕ್ಕೆ ಒಂದೊಂದು ಲಾರಿ ಅನ್ನುವ ಬದಲು, ಒಂದೇ ಲಾರಿ ಎಲ್ಲ ತೋಟ ಸುತ್ತಿ ವಾಪಸ್ ಬರಲಿ ಅನ್ನಿ. ಬದಲಾಗಿದ್ದು ಇಷ್ಟೇ. ಈಗ ತೋಟಗಳ ಸಂಖ್ಯೆ ಎಷ್ಟೇ ಬೆಳೆದರೂ ಬೇಗನೆ ಅತ್ಯುತ್ತಮ ಉತ್ತರವನ್ನೇ ಕೊಡುವ ವಿಧಾನ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಈ ವಿಷಯದ ಮಜಾ ಇರುವುದೇ ಇಲ್ಲಿ ಅಂತ ನನಗನಿಸುತ್ತದೆ.

ಇದಕ್ಕೆ ಊರಿನ ತಕರಾರುಗಳನ್ನೂ ಸೇರಿಸಿ. ದೊಡ್ಡ ಲಾರಿ ಆ ತೋಟದ ದಾರಿಯಲ್ಲಿ ತಿರುಗಲ್ಲ. ಸಂತೆ ದಿನ ಲೋಡ್ ಮಾಡಲು ಆಳು ಸಿಗಲ್ಲ. ಯಾವುದನ್ನು ಸಮೀಕರಣದೊಳಗೆ ತರಬೇಕು, ಯಾವುದನ್ನು ಬಿಡಬೇಕು? ಇದನ್ನು ಯಾವ ಸಾಫ್ಟ್‌ವೇರೂ ಹೇಳಿಕೊಡುವುದಿಲ್ಲ. ತೋಟದ ಲೆಕ್ಕ ನೋಡುವ ರೈಟರನ್ನೇ ಕೇಳಬೇಕು.

ಹಾಗಾದರೆ ಟೇಬಲ್ ಸುಮ್ನೆ ದಂಡವಾ? ಅಲ್ಲ. ಕೊನೆಯ ಟೇಬಲ್ ಓದಲು ಬಂದರೆ, ಇನ್ನೊಂದು ಟನ್ ಸಾಗಿಸುವ ಅನುಕೂಲ ಸಿಕ್ಕರೆ ಎಷ್ಟು ಲಾಭ ಅನ್ನುವುದೂ ಅದರಲ್ಲೇ ಕಾಣುತ್ತದೆ. ಅದೇ ಶ್ಯಾಡೋ ಪ್ರೈಸ್. ಅಷ್ಟು ಅರ್ಥವಾಗಲು ಎರಡು-ಮೂರು ಚರಾಕ್ಷರದ ಲೆಕ್ಕ ಸಾಕು. ಆಮೇಲೆ ಪೈಥಾನ್ ಹಿಡಿಯಿರಿ. ಅದರಲ್ಲಿ ಇಂಥ ಲೆಕ್ಕ ಬಿಡಿಸಿಕೊಡುವ ಪಲ್ಪ್, ಓಆರ್-ಟೂಲ್ಸ್ ಎರಡೂ ಉಚಿತ. ಇನ್ನು, ಅಮೆರಿಕದ ಗಣಿತಜ್ಞ ಡಾಂಟ್‌ಜಿಗ್ 1947ರಲ್ಲಿ ಕೊಟ್ಟ ಸಿಂಪ್ಲೆಕ್ಸ್, ಸಾಧ್ಯವಿರುವ ಉತ್ತರಗಳೆಲ್ಲ ಸೇರಿ ಆಗುವ ಆಕೃತಿಯ ಮೂಲೆಯಿಂದ ಮೂಲೆಗೆ ನಡೆಯುತ್ತದೆ. 1984ರಲ್ಲಿ ಭಾರತದವರೇ ಆದ ನರೇಂದ್ರ ಕರ್ಮಾರ್ಕರ್ ಆ ಆಕೃತಿಯ ಒಳಗಿನಿಂದಲೇ ದಾರಿ ಮಾಡಿದರು. ಅದು ಅರ್ಥವಾಗಲು ಲೀನಿಯರ್ ಆಲ್ಜೀಬ್ರಾ ಗಟ್ಟಿ ಇರಬೇಕು. ಪ್ರಾಬಬಿಲಿಟಿಯನ್ನೂ ಬಿಡಬೇಡಿ.

ದೆಹಲಿ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ವಿಭಾಗವಿದೆ, ಎಂ.ಎಸ್ಸಿ. ಮಾಡಬಹುದು. ಐಐಟಿ ಬಾಂಬೆಯಲ್ಲೂ ವಿಭಾಗವಿದೆ. ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಇದೇ ವಿಷಯ ಸೇರಿರುವ ಎಂ.ಟೆಕ್. ಇದೆ. ಅದರ ಬೆಂಗಳೂರು ಕೇಂದ್ರ ಮೈಸೂರು ರಸ್ತೆಯಲ್ಲಿದೆ, ಹಾಸನದಿಂದ ದೂರವೇನಲ್ಲ. ಅವರ ಪ್ರವೇಶ ಪರೀಕ್ಷೆ ಮಾತ್ರ ಕಷ್ಟ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಎರಡನೇ ವರ್ಷದಲ್ಲೇ ಬಿಡಿಸಲು ಶುರು ಮಾಡಿ.