ವಾಲ್ವ್ ಮುಚ್ಚದೆ ಕವಲೊಡೆಯುವ ರಕ್ತನಾಳ

ನೀರು ಹರಿಯುತ್ತಿರುವ ಪೈಪಿಗೆ ಹೊಸ ಕವಲು ಜೋಡಿಸಿಕೊಡಿ ಎಂದರೆ ಪ್ಲಂಬರ್ ಮೊದಲು ಕೇಳುವುದು, ವಾಲ್ವ್ ಎಲ್ಲಿದೆ ಎಂದು. ದೇಹಕ್ಕೆ ಆ ಅನುಕೂಲವಿಲ್ಲ. ಗಾಯ ಮಾಯುವಾಗ, ರಕ್ತ ಹರಿಯುತ್ತಿರುವ ನಾಳದ ಗೋಡೆಯಿಂದಲೇ ಹೊಸ ನಾಳ ಚಿಗುರಬೇಕು.

ಆ ಗೋಡೆಯ ಒಳಮೈ ಎಂಡೋಥೀಲಿಯಲ್ ಕೋಶಗಳ ಒಂದೇ ಪದರ. ಅವನ್ನು ಒಂದಕ್ಕೊಂದು ಬೆಸೆದಿರುವ ಅಣುಗಳಲ್ಲಿ ಮುಖ್ಯವಾದದ್ದು ವಿಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನು. ಪೊರೆಯಿಂದ ಹೊರಚಾಚಿದ ಅದರ ತುದಿ ಪಕ್ಕದ ಕೋಶದ ಅಂಥದ್ದೇ ತುದಿಯನ್ನು ಹಿಡಿಯುತ್ತದೆ. ಬುಡ ಕೋಶದೊಳಗಿನ ಆಕ್ಟಿನ್ ಎಳೆಗಳಿಗೆ ಕಟ್ಟಿಕೊಂಡಿರುತ್ತದೆ. ಈ ತೋಳು ಸೆಟೆದು ನಿಲ್ಲುವುದು ಕ್ಯಾಲ್ಸಿಯಂ ಬಲದಿಂದ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಂದ ಕ್ಯಾಲ್ಸಿಯಂ ಕಸಿದುಕೊಂಡರೆ ಅವುಗಳ ನಡುವೆ ಬಿರುಕು ಮೂಡುತ್ತದೆ. ಈ ಪ್ರೋಟೀನಿನ ಜೀನ್ ಇಲ್ಲದ ಇಲಿಯ ಭ್ರೂಣ ಸುಮಾರು 10ನೇ ದಿನದ ಹೊತ್ತಿಗೆ ಸಾಯುತ್ತದೆ. ವಿಚಿತ್ರವೆಂದರೆ ಅದರಲ್ಲೂ ನಾಳಗಳು ಮೊದಲು ಮೂಡುತ್ತವೆ, ಕುಸಿಯುವುದು ಆಮೇಲೆ.

ಇಷ್ಟು ಬಿಗಿಯಾದ ಗೋಡೆ ಕವಲೊಡೆಯುವುದು ಹೇಗೆ? ಆಮ್ಲಜನಕ ಸಾಲದ ಅಂಗಾಂಶ ವಿಇಜಿಎಫ್ ಎಂಬ ಸಂಕೇತ ಪ್ರೋಟೀನನ್ನು ಸ್ರವಿಸುತ್ತದೆ. ಅದು ತಾಗಿದ ಕೋಶ ತನ್ನ ಕ್ಯಾಡ್ಹೆರಿನ್‌ನಲ್ಲಿ ಒಂದಷ್ಟನ್ನು ಒಳಗೆಳೆದುಕೊಂಡು ಹಿಡಿತ ಸಡಿಲಿಸುತ್ತದೆ, ಪೂರ್ತಿ ಬಿಡುವುದಿಲ್ಲ. ಸ್ವಲ್ಪ ಸೋರುವುದಂತೂ ಉಂಟು. 1983ರಲ್ಲಿ ವಿಇಜಿಎಫ್ ಮೊದಲು ವರದಿಯಾದದ್ದೇ ನಾಳಗಳನ್ನು ಸೋರಿಸುವ ವಸ್ತುವೆಂದು. ನಾಳ ಬೆಳೆಸುವುದೂ ಇದೇ ಎಂಬುದು ಗೊತ್ತಾದದ್ದು 1989ರಲ್ಲಿ.

ಚಿಗುರಿನ ಮುಂತುದಿಯ ಕೋಶ ಸುತ್ತಲಿನ ನಾರುಗಳನ್ನು ಇಂಟೆಗ್ರಿನ್ ಎಂಬ ಬೇರೆ ಜಾತಿಯ ಅಣುಗಳಿಂದ ಹಿಡಿದು ತೆವಳುತ್ತದೆ. ಆ ಹಿಡಿತವನ್ನೇ ತಡೆದರೆ ಕ್ಯಾನ್ಸರ್ ಗಡ್ಡೆಗೆ ರಕ್ತ ಸಿಗದು ಎಂಬ ಲೆಕ್ಕಾಚಾರದಲ್ಲಿ ಬಂದ ಔಷಧ ಸಿಲೆಂಗಿಟೈಡ್. ಗ್ಲಿಯೊಬ್ಲಾಸ್ಟೊಮಾ ಎಂಬ ಮಿದುಳಿನ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅದರಿಂದ ಆಯುಷ್ಯ ಹೆಚ್ಚಲಿಲ್ಲ. ಲೆಕ್ಕ ತಪ್ಪಬಹುದೆಂಬ ಸುಳಿವು ಮೊದಲೇ ಇತ್ತು: ಕೆಲವು ಇಂಟೆಗ್ರಿನ್‌ಗಳೇ ಇಲ್ಲದ ಇಲಿಗಳ ಗಡ್ಡೆಗಳಲ್ಲಿ ರಕ್ತನಾಳ ಕಡಿಮೆಯಾಗುವ ಬದಲು ಹೆಚ್ಚಾಗಿದ್ದವು.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ನಾಳದೊಳಗೆ ಟೊಳ್ಳು ಮೂಡುವ ಬಗೆ. ಇಲಿಯ ಭ್ರೂಣದ ಮಹಾಪಧಮನಿ ಮೊದಲಿಗೆ ಕೋಶಗಳು ಒತ್ತೊತ್ತಾಗಿ ಅಂಟಿಕೊಂಡ ಗಟ್ಟಿ ಎಳೆ. ಕ್ಯಾಡ್ಹೆರಿನ್ ಬೆಸೆದ ಆ ಜಾಗಕ್ಕೇ ಋಣ ವಿದ್ಯುದಂಶ ಹೊತ್ತ ಪೊಡೊಕ್ಯಾಲಿಕ್ಸಿನ್ ಎಂಬ ಪ್ರೋಟೀನು ಬಂದು ಸೇರುತ್ತದೆ. ಸಮಾನ ವಿದ್ಯುದಂಶಗಳ ವಿಕರ್ಷಣೆಯಿಂದ ಎದುರುಬದುರು ಪೊರೆಗಳು ದೂರ ಸರಿಯುತ್ತವೆ. ಕ್ಯಾಡ್ಹೆರಿನ್ ಅಂಚಿಗೆ ಸರಿದು ಅಲ್ಲಿ ಹಿಡಿದುಕೊಳ್ಳುತ್ತದೆ. ನಡುವೆ ಕಂಡೂ ಕಾಣದಂಥ ಒಂದು ಸೀಳು ತೆರೆದು, ಅಗಲವಾಗುತ್ತಾ ಹೋಗಿ, ರಕ್ತಕ್ಕೆ ದಾರಿಯಾಗುತ್ತದೆ.